ವಾಕಿಂಗ್: ಒಂದು ಶಬ್ದವಿಚಾರ

‘ವಾಕಿಂಗ್’ ಇಂಗ್ಲಿಷಿನಿಂದ ಬಂದ ಶಬ್ದವೆಂದು ವಿದ್ವಾಂಸರು ಇದುವರೆಗೆ ನಂಬಿಕೊಂಡು ಬಂದಿದ್ದಾರೆ. ಅವರಲ್ಲಿ ಯಾರೂ ಬೆಳಗಿನ ಆರಕ್ಕೆ ಲಾಲ್‌ಬಾಗಿಗೆ ಹೋದಂತಿಲ್ಲ. ಹೋಗಿದ್ದರೆ, ಅದರ ಮೂಲ ಸಂಸ್ಕೃತದ ‘ವಾಕ್’ ಎಂಬುದು ಮೊದಲ ಸುತ್ತಿನಲ್ಲೇ ಕಿವಿಗೆ ಬೀಳುತ್ತಿತ್ತು. ಸೊಸೆಯ ಅಡುಗೆ, ಅಳಿಯನ ಇಎಂಐ, ಇನ್ನೂ ಕೈಗೆ ಬಾರದ ತುಟ್ಟಿಭತ್ಯೆ: ಅಲ್ಲಿ ಕಾಲಿಗಿಂತ ನಾಲಿಗೆ ಎರಡು ಹೆಜ್ಜೆ ಮುಂದೆ.

ಭಿನ್ನಾಭಿಪ್ರಾಯವೇನಿದ್ದರೂ ಉತ್ತರಪದದ ಬಗ್ಗೆ. ಅದು ಒಗ್ಗರಣೆಯ ಇಂಗು ಎಂದು ಒಂದು ಪಂಥ. ನಡಿಗೆ ಮುಗಿಸಿದವರ ಕಾಲು ತಂತಾನೇ ಹೋಟೆಲಿನತ್ತ ತಿರುಗುವುದೇ ಅವರಿಗೆ ಆಧಾರ. ನಾವು ಹಿಡಿದಿರುವುದು, ನೀರು ನೆಲಕ್ಕೆ ಇಂಗುತ್ತದಲ್ಲ, ಆ ಇಂಗನ್ನು. ವಾಕ್ಕು ಇಂಗುವುದೇ ವಾಕಿಂಗು.

ವೈಯಾಕರಣರ ಆಕ್ಷೇಪ ನಮಗೆ ಗೊತ್ತಿದೆ. ವಾಕ್ ಮತ್ತು ಈಶ ಸೇರಿ ವಾಗೀಶನಾದ ಹಾಗೆ, ಜಶ್ತ್ವ ಸಂಧಿಯಿಂದ ಇದು ‘ವಾಗಿಂಗ್’ ಆಗಬೇಕಿತ್ತು; ಸಾಲದ್ದಕ್ಕೆ ಇದು ಅರಿಸಮಾಸ. ಸಮಾಧಾನ ಸರಳ. ಏದುಸಿರು ಬಿಡುವವನಿಗೆ ಜಶ್ತ್ವದ ವ್ಯವಧಾನವಿರುವುದಿಲ್ಲ. ಅರವತ್ತು ದಾಟಿದ ಮೇಲೆ ಅವನಿಗೆ ತಿಳಿದಿರುವ ಸಂಧಿ ಒಂದೇ, ಅದರ ಮುಂದೆ ವಾತ ಸೇರಿರುತ್ತದೆ.

ನಮ್ಮ ವ್ಯುತ್ಪತ್ತಿಯನ್ನು ವೈದ್ಯರೂ ತಮಗರಿವಿಲ್ಲದೆ ಸಮರ್ಥಿಸಿದ್ದಾರೆ. ವಯಸ್ಕರಿಗೆ ವಾರಕ್ಕೆ ಕಡೇಪಕ್ಷ 150 ನಿಮಿಷದ ಮಧ್ಯಮ ಶ್ರಮ ಬೇಕೆನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಮಧ್ಯಮವೆಂದರೆ ಎಷ್ಟು? ಮಾತಾಡಲು ಬರಬೇಕು, ಹಾಡಲು ಬರಬಾರದು. ಶ್ರಮ ಬಿರುಸಾದರೆ ನಾಲ್ಕು ಮಾತಿಗೊಮ್ಮೆ ನಿಂತು ಉಸಿರೆಳೆಯಬೇಕು. ಇಂಗಿದ ಮಾತೇ ಅಳತೆಗೋಲು!

ಇನ್ನು ಉಲ್ಲಾಸದ ಪ್ರಶ್ನೆ. ಬಹುಕಾಲ ಇದರ ಕೀರ್ತಿಯೆಲ್ಲ ಎಂಡಾರ್ಫಿನ್‌ಗೆ, ಅಂದರೆ ದೇಹ ತಾನೇ ತಯಾರಿಸಿಕೊಳ್ಳುವ ಮಾರ್ಫಿನ್‌ಗೆ, ಸಲ್ಲುತ್ತಿತ್ತು. ಆದರೆ ರಕ್ತದಲ್ಲಿ ಏರಿದ ಎಂಡಾರ್ಫಿನ್‌ಗೆ ಮಿದುಳಿನ ಹೊಸ್ತಿಲು ದಾಟುವುದು ಕಷ್ಟ. ಹಾಗಾಗಿ ಈಗ ಹಲವರ ಕಣ್ಣು ಆನಂದಮೈಡ್ ಮೇಲಿದೆ. 1992ರಲ್ಲಿ ಜೆರುಸಲೆಮ್ಮಿನ ವಿಜ್ಞಾನಿಗಳು ಇದನ್ನು ಹಂದಿಯ ಮಿದುಳಿನಿಂದ ಬೇರ್ಪಡಿಸಿ, ನಮ್ಮ ‘ಆನಂದ’ವನ್ನೇ ಕಡ ತೆಗೆದುಕೊಂಡು ಹೆಸರಿಟ್ಟರು. ಮಿದುಳಿನಲ್ಲಿ ಗಾಂಜಾ ತಟ್ಟುವ ಬಾಗಿಲನ್ನೇ ಇದೂ ತಟ್ಟುತ್ತದೆ. ನಿವೃತ್ತ ಶಿರಸ್ತೇದಾರರೊಬ್ಬರು ದಿನಾ ಬೆಳಗ್ಗೆ ಏರಿಸಿಕೊಂಡೇ ಮನೆಗೆ ಮರಳುತ್ತಾರೆ. ವಾಸನೆ ಬರುವುದಿಲ್ಲವಾಗಿ ಹೆಂಡತಿಗೆ ತಿಳಿಯದು.

ಪ್ರಯೋಗಕ್ಕೆ ನಾವು ಆರಿಸಿಕೊಂಡದ್ದು ಕೆಂಪೇಗೌಡ ಗೋಪುರದ ಬಂಡೆ. 1760ರಲ್ಲಿ ಹೈದರಾಲಿ ತೋಟ ಹಾಕಿಸುವಾಗಲೇ ಅದಕ್ಕೆ ಸುಮಾರು 300 ಕೋಟಿ ವರ್ಷವಾಗಿತ್ತು; ಎಂಥೆಂಥ ಗೊಣಗಾಟವನ್ನೋ ಕೇಳಿ ಗಟ್ಟಿಯಾದ ಕಲ್ಲು. ಪ್ರಯೋಗವಸ್ತು ಮೇಲ್ಕಂಡ ಶಿರಸ್ತೇದಾರ ರಾಯರು. ಬುಡದಲ್ಲಿ ಅವರು ತಮ್ಮನ ಸೈಟು ವ್ಯಾಜ್ಯವನ್ನು ಸರ್ವೆ ನಂಬರ್ ಸಮೇತ ಆರಂಭಿಸಿದರು. ಕಾಲುಭಾಗ ಏರುವಷ್ಟರಲ್ಲಿ ವಿಶೇಷಣಗಳು ಉದುರಿದವು (ತಮ್ಮನಿಗೆ ಅವರು ಬಳಸುವ ವಿಶೇಷಣಗಳನ್ನು ಇಲ್ಲಿ ಕೊಡುವಂತಿಲ್ಲ). ಅರ್ಧದಲ್ಲಿ ಕ್ರಿಯಾಪದಗಳು ಹೋದವು. ಮುಕ್ಕಾಲಿನಲ್ಲಿ ‘ಅವನು... ಸೈಟು...’ ಎಂಬೆರಡೇ ಉಳಿದವು. ಗೋಪುರದ ಬಳಿ ವ್ಯಾಕರಣವೇ ಇರಲಿಲ್ಲ, ಬರೀ ಉಸಿರು. ಸ್ವಲ್ಪ ಹೊತ್ತಿನ ಮೇಲೆ ಶಾಲು ಬಿಚ್ಚಿ, “ಗಾಳಿ ಚೆನ್ನಾಗಿದೆ ಕಣಯ್ಯಾ” ಎಂದರು. ಆರು ವರ್ಷದಲ್ಲಿ ಅವರ ಬಾಯಿಂದ ನಾವು ಕೇಳಿದ ಮೊದಲ ನಿರಪೇಕ್ಷ ವಾಕ್ಯ ಅದು. ಇಳಿಯುವಾಗ ಉಸಿರಿನೊಂದಿಗೆ ತಮ್ಮನೂ ಮರಳಿದನೆಂಬುದು ಬೇರೆ ಮಾತು.

ವಾಕ್ಕು ಇಂಗುವುದರಲ್ಲಿ ಒಂದು ಅಪಾಯವೂ ಉಂಟು, ಅದು ಸ್ವಾನುಭವ. ಅದೇ ಬಂಡೆಯ ಮುಕ್ಕಾಲು ಎತ್ತರದಲ್ಲಿ ನಮ್ಮ ಫೋನು ಬಡಿದುಕೊಂಡಿತು. ಅಪಾರ್ಟ್‌ಮೆಂಟಿನ ಸಂಘದ ಕಾರ್ಯದರ್ಶಿಗಳು ಏನೋ ಕೇಳಿದರು. ನಾವು ಬಿಟ್ಟದ್ದು ಉಸಿರು, ಅವರಿಗೆ ಕೇಳಿಸಿದ್ದು ‘ಹೂಂ’. ಮನೆ ಮುಟ್ಟುವಷ್ಟರಲ್ಲಿ ನಾವು ಸಂಘದ ಖಜಾಂಚಿ. ಮೂವತ್ತೆರಡು ಫ್ಲ್ಯಾಟಿನ ಬಾಕಿ ಮೇಂಟೆನೆನ್ಸ್ ವಸೂಲಿ ನಮ್ಮ ಮೇಲಿದೆ. ಆದ್ದರಿಂದ ಈಗ ಸಂಜೆಯೂ ವಾಕಿಂಗ್, ಫೋನು ಮನೆಯಲ್ಲೇ ಬಿಟ್ಟು.