ಸೋದರಮಾವನ ಬೆನ್ನು

ನಮ್ಮ ಮನೆತನದಲ್ಲಿ ಮುಂಜಿಯ ವಟುವನ್ನು ಮಂಟಪಕ್ಕೆ ಎತ್ತಿಕೊಂಡು ಬರುವುದು ಸೋದರಮಾವನ ಹಕ್ಕು. ಹಕ್ಕೇನೋ ಸರಿ, ನಮ್ಮ ವಟು 38 ಕೆಜಿ. ಮುಂಜಿಗೆ ನಾಲ್ಕು ದಿನ ಇರುವಾಗ, ಉರುಳಿಸಿಕೊಂಡು ಹೋಗಬೇಕಾದ ಗ್ಯಾಸ್ ಸಿಲಿಂಡರನ್ನು ಎದುರುಮನೆಯವರು ನೋಡುತ್ತಿದ್ದಾರೆಂಬ ಒಂದೇ ಕಾರಣಕ್ಕೆ ಎತ್ತಿದೆ. ಬೆನ್ನು ಹಿಡಿದುಕೊಂಡಿತು.

“ಕಪ್ಪಿಂಗ್ ಮಾಡಿಸು ಮಾರಾಯ,” ಎಂದ ಆಫೀಸಿನ ಗೆಳೆಯ. “2016ರ ರಿಯೋ ಒಲಿಂಪಿಕ್ಸ್‌ನಲ್ಲಿ ಫೆಲ್ಪ್ಸ್ ಮೈಮೇಲೆ ದುಂಡು ದುಂಡು ಕಲೆ ನೋಡಿರಲಿಲ್ವಾ? ಐದು ಚಿನ್ನ ಹೊಡೆದ!” ನನಗೆ ಚಿನ್ನ ಬೇಡ, ಹುಡುಗನನ್ನು ಹತ್ತು ಹೆಜ್ಜೆ ಹೊತ್ತರೆ ಸಾಕಿತ್ತು.

ಹೋದೆ. “ರಕ್ತ ತೆಗೆಯೋದಾ ಸಾರ್, ಡ್ರೈಯಾ?” ಎಂದು ಅಲ್ಲಿನವನು ಕೇಳಿದ, ಮಸಾಲೆನಾ, ಸಾದಾನಾ ಎಂದು ಹೋಟೆಲಿನಲ್ಲಿ ಕೇಳುವ ಅದೇ ದನಿ. ಸುಶ್ರುತನೂ ಕೊಂಬು, ಸೋರೆಬುರುಡೆ ಇಟ್ಟು ರಕ್ತ ಎಳೆಯುತ್ತಿದ್ದ, ಯುನಾನಿಯವರ ಹಿಜಾಮಾನೂ ಇದೇ ಎಂದು ಧೈರ್ಯ ತುಂಬಿದ. ಸುಶ್ರುತನ ಮೇಲೆ ಪೂರ್ತಿ ಗೌರವ ಇಟ್ಟುಕೊಂಡೇ ನಾನು ಸಾದಾ ಹೇಳಿದೆ.

ಬೋರಲು ಮಲಗಿಸಿದರು. ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಗೆ ಬೆಂಕಿ ಹಚ್ಚಿ, ಗಾಜಿನ ಬಟ್ಟಲೊಳಗೆ ಒಮ್ಮೆ ಆಡಿಸಿ, ಬಟ್ಟಲನ್ನು ಗಬಕ್ಕನೆ ಬೆನ್ನಿಗೆ ಒತ್ತಿದ. ಒಳಗಿನ ಕಾದ ಗಾಳಿ ಆರುತ್ತಿದ್ದಂತೆ ಚರ್ಮ ಬೋಂಡಾದ ಹಾಗೆ ಉಬ್ಬಿ ಮೇಲೆದ್ದಿತು. ಅಂಥವು ಏಳು. ಆಗ ನೆನಪಾದವನು ಜಾರ್ಜ್ ಆರ್ವೆಲ್. 1929ರಲ್ಲಿ ನ್ಯುಮೋನಿಯಾ ಎಂದು ಪ್ಯಾರಿಸ್ಸಿನ ಆಸ್ಪತ್ರೆ ಸೇರಿದ್ದ ಅವನಿಗೂ ಹೀಗೇ ಬಟ್ಟಲು ಇಟ್ಟಿದ್ದರು; ಅದುವರೆಗೆ ಅವನು ಇದನ್ನು ಕುದುರೆಗಳಿಗೆ ಮಾಡುವ ಉಪಚಾರ ಅಂದುಕೊಂಡಿದ್ದನಂತೆ. ಕಾಲಿಗೆ ಶಕ್ತಿ ಬಂದದ್ದೇ ತಡ, ಡಾಕ್ಟರು ಬಿಡುವ ಮೊದಲೇ ಓಡಿಹೋದ. ಓಡುವುದಕ್ಕೆ ನನಗೆ ಬೆನ್ನಿರಲಿಲ್ಲ.

“ನೋಡಿ ಸಾರ್, ಎಷ್ಟು ಕಪ್ಪಾಗಿದೆ! ಅಷ್ಟೂ ವಿಷ,” ಎಂದು ಆತ ಮೆಚ್ಚಿಕೊಂಡ. ಎಂಟುನೂರು ಕೊಟ್ಟು ಹೆಮ್ಮೆಯಿಂದಲೇ ಮನೆಗೆ ಬಂದೆ. ಬೆನ್ನು ಹಗುರವಾಗಿತ್ತು, ಸುಳ್ಳು ಹೇಳಬಾರದು.

ಮುಂಜಿಯ ದಿನ ಪಂಚೆ ಉಟ್ಟು ಶಲ್ಯ ಹೊದ್ದು ಮಂಟಪದ ಹತ್ತಿರ ಹೋದೆ. ಪುರೋಹಿತರು “ಶಲ್ಯ ಸೊಂಟಕ್ಕೆ ಕಟ್ಟಿಕೊಳ್ಳಿ” ಎಂದರು. ಕಟ್ಟಿಕೊಂಡೆ. ನಾಗಸ್ವರದವರೂ ಒಂದು ಕ್ಷಣ ಉಸಿರು ನಿಲ್ಲಿಸಿದರು.

“ಸರ್ಪಸುತ್ತು!” ಎಂದು ದೊಡ್ಡಮ್ಮ ಚೀರಿದರು. ಯಾರೋ ಕೆಮ್ಮಣ್ಣು ಹುಡುಕಲು ಹೊರಟರು. ಭಾವನ ಕಡೆಯವರು ನನ್ನ ಹೆಂಡತಿಯನ್ನು ಹೊಸ ಗೌರವದಿಂದ ನೋಡತೊಡಗಿದರು. ಒಂದು ಮಗುವಂತೂ, “ಮಾಮ, ಇಡ್ಲಿ ತಟ್ಟೆ ಮೇಲೆ ಮಲಗಿದ್ರಾ?” ಎಂದಿತು. ಅಜ್ಜಿ ಮಾತ್ರ ಕನ್ನಡಕ ಸರಿಮಾಡಿಕೊಂಡು ಒಂದೊಂದನ್ನೂ ಬೆರಳಿಟ್ಟು ನೋಡಿದರು. “ಬಟ್ಟಿ ಬಿದ್ದರೆ ನಾವು ಹೊಕ್ಕುಳ ಮೇಲೆ ದೀಪ ಇಟ್ಟು ತಂಬಿಗೆ ಬೋರಲು ಹಾಕ್ತಿದ್ವಲ್ಲ, ಅದೇ ಇದು. ಎಷ್ಟು ಕೊಟ್ಯೋ?” ನಾನು ಮುನ್ನೂರು ಎಂದೆ. ಅದಕ್ಕೇ ಅವರು ಹಣೆ ಚಚ್ಚಿಕೊಂಡರು.

ಡಾಕ್ಟರಾಗಿರುವ ನಾದಿನಿ ಸಮಾಧಾನ ಹೇಳಿದಳು. “ವಿಷವೂ ಇಲ್ಲ, ಸರ್ಪವೂ ಇಲ್ಲ ಭಾವ. ಚರ್ಮದ ಕೆಳಗಿನ ಸಣ್ಣ ರಕ್ತನಾಳ ಒಡೆದಿವೆ, ವಾರ ಹತ್ತು ದಿನಕ್ಕೆ ಹೋಗುತ್ತೆ. ನೋವು ಕೆಲವರಿಗೆ ಸ್ವಲ್ಪ ದಿನ ತಗ್ಗೋದುಂಟು. ಅದು ಬಟ್ಟಲಿಂದಲೋ ನಂಬಿಕೆಯಿಂದಲೋ ಹೇಳೋದು ಕಷ್ಟ. ಬೆನ್ನ ಮೇಲೆ ಬಟ್ಟಲಿದೆಯೋ ಇಲ್ಲವೋ ಅಂತ ಗೊತ್ತಾಗದ ಹಾಗೆ ರೋಗಿಯನ್ನ ಪರೀಕ್ಷೆ ಮಾಡೋದು ಹೇಗೆ?”

ಅಷ್ಟರಲ್ಲಿ ಮುಹೂರ್ತ ಬಂತು. ಬಗ್ಗಿದೆ. ಬಗ್ಗಿದವನು ಹಾಗೇ ಉಳಿದೆ. ಒಂಬತ್ತು ವರ್ಷದ ವಟು ನನ್ನ ಕೈ ಹಿಡಿದು ಮೆಲ್ಲಗೆ ನಡೆಸಿಕೊಂಡು ಮಂಟಪಕ್ಕೆ ಕರೆತಂದ.

ತಿಂಗಳಾದ ಮೇಲೆ ಆಲ್ಬಮ್ ಬಂತು. ಫೋಟೋದವನು ನನ್ನ ಬೆನ್ನನ್ನು ಬೆಣ್ಣೆಯ ಹಾಗೆ ನುಣ್ಣಗೆ ಮಾಡಿದ್ದ. ಕಲೆಗಳ ಜೊತೆಗೆ ಹುಟ್ಟಿನಿಂದ ಬಂದಿದ್ದ ಮಚ್ಚೆಯನ್ನೂ ಒರೆಸಿಹಾಕಿದ್ದ. ಅದಕ್ಕೆಂದು ಬಿಲ್ಲಿನಲ್ಲಿ ಇನ್ನೂರು ರೂಪಾಯಿ ಬೇರೆ ಸೇರಿಸಿದ್ದ.