ಸೀರಣಿಗೆ ರಾಯರು

ಅವರ ನಿಜವಾದ ಹೆಸರನ್ನು ನಮ್ಮ ಆಫೀಸಿನಲ್ಲಿ ಸಂಬಳದ ಚೀಟಿ ಮಾತ್ರ ಬಳಸುತ್ತದೆ. ಉಳಿದವರಿಗೆಲ್ಲ ಅವರು ಸೀರಣಿಗೆ ರಾಯರು. ಹೆಸರಿಟ್ಟವನು ನಾನೇ, ಆದರೆ ತಪ್ಪು ನನ್ನದಲ್ಲ. ಬೇರೆಯವರ ಕೋಡಿನಲ್ಲಿ ಸಣ್ಣಪುಟ್ಟ ಕುಂದು ಕಂಡರೆ ನಮ್ಮ ಕಸುಬಿನವರು ಟಿಪ್ಪಣಿಯ ಮೊದಲಿಗೆ 'ನಿಟ್' ಎಂದು ಬರೆಯುತ್ತಾರೆ. ನಿಟ್ ಎಂದರೆ ಹೇನಿನ ಮೊಟ್ಟೆ, ನಮ್ಮ ಸೀರು. ಚಿಕ್ಕಂದಿನಲ್ಲಿ ಭಾನುವಾರ ಬೆಳಿಗ್ಗೆ ಅಜ್ಜಿ ಜಗಲಿಯ ಮೇಲೆ ಬಿಳಿ ಬಟ್ಟೆ ಹಾಸಿ, ಮೊಮ್ಮಕ್ಕಳ ತಲೆಯನ್ನು ಒಂದೊಂದಾಗಿ ಬಗ್ಗಿಸಿ ಸೀರಣಿಗೆ ಎಳೆಯುತ್ತಿದ್ದದ್ದು ನೆನಪಿದ್ದವರಿಗೆ ರಾಯರ ರಿವ್ಯೂ ಹೇಗಿರುತ್ತದೆಂದು ಬಿಡಿಸಿ ಹೇಳಬೇಕಾಗಿಲ್ಲ. ಹೇನು ಸಿಗಲಿ ಬಿಡಲಿ, ಕಣ್ಣಲ್ಲಿ ನೀರು ಗ್ಯಾರಂಟಿ.

ಬೆಂಗಳೂರಿನ ಹೊರವರ್ತುಲ ರಸ್ತೆಯ ಗಾಜಿನ ಕಟ್ಟಡಗಳಲ್ಲಿ ಅಂತಸ್ತಿಗೊಬ್ಬರಂತೆ ಇಂಥ ರಾಯರಿರುತ್ತಾರೆ. ಐವತ್ತರ ಆಸುಪಾಸು, ಮೂಗಿನ ತುದಿಗೆ ಕನ್ನಡಕ, ಮೇಜಿನ ಮೇಲೆ ಮನೆಯಿಂದ ತಂದ ಸ್ಟೀಲ್ ಲೋಟ. ಮ್ಯಾನೇಜರ್ ಆಗಿ ಎಂದು ಎರಡು ಸಲ ಕೇಳಿದರೂ "ಬೇಡಿ, ನಾನು ಓದ್ಕೊಂಡಿರ್ತೀನಿ" ಎಂದವರು. ಲಿನಕ್ಸಿನ ತಿರುಳಾದ ಕರ್ನಲ್‌ಗೆ ನಮ್ಮಲ್ಲಿಂದ ಹೋಗುವ ಯಾವ ಡ್ರೈವರೂ ಅವರ ಕಣ್ಣು ತಪ್ಪಿಸಿ ಹೊಸಿಲು ದಾಟುವಂತಿಲ್ಲ. ಆ ಕಣ್ಣಿಗೆ ರಜೆಯೂ ಇಲ್ಲ. ದರ್ಶಿನಿಗೆ ಹೋದರೆ ಟೋಕನ್ ಕೊಳ್ಳುವ ಮೊದಲೇ ಗೋಡೆಯ ಫಲಕ ಓದಿ ಮುಗಿಸಿರುತ್ತಾರೆ. "ಮೇಲೆ 'ರವೆ ಇಡ್ಲಿ' ಅಂತಿದೆ, ಕೆಳಗೆ 'ರವಾ ಇಡ್ಲಿ' ಅಂತಿದೆ. ಯಾವುದಾದ್ರೂ ಒಂದನ್ನ ಇಟ್ಕೊಳ್ಳಿ." ಗಲ್ಲಾಪೆಟ್ಟಿಗೆಯವರು ಎರಡೂ ಮುಗಿದಿದೆ ಎಂದರು.

ನಾನು ಅವರ ಕೈಗೆ ಸಿಕ್ಕಿಬಿದ್ದದ್ದು ಒಂದು ದೀಪದಿಂದ. ಮೂರು ಬಣ್ಣದ ಎಲ್‌ಇಡಿ, ಅದನ್ನು ಆಡಿಸಲು ಐ2ಸಿ ತಂತಿಗೆ ಜೋತುಬಿದ್ದ ಒಂದು ಚಿಪ್, ಆ ಚಿಪ್ಪಿಗೆ ನಾನು ಬರೆದ ಡ್ರೈವರ್. ಒಟ್ಟು 182 ಸಾಲು. ಹತ್ತು ಅಂದರೆ ಹತ್ತಬೇಕು, ಆರು ಅಂದರೆ ಆರಬೇಕು. ('ಆರಿಸು' ಅಂದರೆ ಅಜ್ಜಿ ಬೈಯುತ್ತಿದ್ದರು, ದೀಪವನ್ನು 'ಶಾಂತ ಮಾಡು' ಅನ್ನಬೇಕಂತೆ. ರಾಯರು ಅಜ್ಜಿಯನ್ನು ನೋಡಿದ್ದರೆ ಕೆಲಸಕ್ಕೆ ತೆಗೆದುಕೊಳ್ಳುತ್ತಿದ್ದರು.) ಸೋಮವಾರ ಸಂಜೆ ಕಳಿಸಿದೆ. ಮಂಗಳವಾರ ಬೆಳಿಗ್ಗೆ 43 ಟಿಪ್ಪಣಿ ಬಂದಿದ್ದವು. ನಾಲ್ಕು ಸಾಲಿಗೊಂದಕ್ಕಿಂತ ತುಸು ಕಡಿಮೆ.

ಮೊದಲನೆಯದು ಕೋಡಿನ ಮೇಲಲ್ಲ, ಕೋಡಿನ ಜೊತೆಗಿಟ್ಟ ಒಕ್ಕಣೆಯ ಮೇಲೆ. 'ಈ ಪ್ಯಾಚ್ ಡ್ರೈವರನ್ನು ಸೇರಿಸುತ್ತದೆ' ಎಂದು ಬರೆದಿದ್ದೆ. ಕರ್ನಲ್ ಸಂಪ್ರದಾಯದಲ್ಲಿ ಹಾಗೆ ವರದಿ ಒಪ್ಪಿಸುವಂತಿಲ್ಲ, ಕೋಡಿಗೆ ಅಪ್ಪಣೆ ಕೊಡುವ ಹಾಗೆ 'ಸೇರಿಸು' ಎನ್ನಬೇಕು. ಆಫೀಸಿನ ಹೊಸ ಹುಡುಗನನ್ನೂ 'ನೀವು' ಎನ್ನುವ ರಾಯರು ಕರ್ನಲ್ಲನ್ನು ಮಾತ್ರ ಏಕವಚನದಲ್ಲೇ ಕರೆಸುತ್ತಾರೆ.

ಆಮೇಲೆ ಖಾಲಿ ಜಾಗದ ವಿಚಾರ. ಕೋಡ್ ಬರೆಯುವ ಕ್ರಮ ಹೇಳುವ ಕರ್ನಲ್‌ನ ಕೈಪಿಡಿಯಲ್ಲಿ ಒಂದು ಟ್ಯಾಬ್ ಎಂದರೆ 8 ಅಕ್ಷರ. ನಾನು ಒಂದು ಕಡೆ ಟ್ಯಾಬಿನ ಬದಲು ಎಂಟು ಸ್ಪೇಸ್ ಹೊಡೆದಿದ್ದೆ. ಪರದೆಯ ಮೇಲೆ ಎರಡೂ ಒಂದೇ ಥರ ಬಿಳಿ. ಆ ಬಿಳಿಗೂ ಈ ಬಿಳಿಗೂ ಭೇದ ತಿಳಿಯಬಲ್ಲ ಕಣ್ಣನ್ನು ದೇವರು ಹಾಲು ಹಾಕುವವನ ಎದುರು ನಿಲ್ಲಿಸಬೇಕಿತ್ತು. ಮತ್ತೊಂದು ಸಾಲು 83 ಅಕ್ಷರಕ್ಕೆ ಬೆಳೆದಿತ್ತು. "ಸಾರ್, 2020ರಿಂದ ತಪಾಸಣೆಯ ಸ್ಕ್ರಿಪ್ಟೇ 100ರವರೆಗೆ ಸುಮ್ನಿರುತ್ತೆ" ಎಂದೆ. "ಸ್ಕ್ರಿಪ್ಟ್ ಸುಮ್ನಿರುತ್ತೆ, 80 ಇದ್ರೇ ಒಳ್ಳೇದು ಅಂತ ಕೈಪಿಡಿ ಈಗ್ಲೂ ಹೇಳುತ್ತೆ. ಪೊಲೀಸ್ ಇಲ್ಲ ಅಂತ ಸಿಗ್ನಲ್ ದಾಟ್ತೀರಾ?" ಎಂದರು. ನಾನು ಸಿಲ್ಕ್ ಬೋರ್ಡಿನ ಕಡೆಯಿಂದ ಬರುವವನು. ಉತ್ತರ ಕೊಡಲಿಲ್ಲ.

ಹೆಸರಿಡುವುದಕ್ಕೇ ಒಂದೂವರೆ ಗಂಟೆ ಹಿಡಿಯಿತು. ಲಿನಕ್ಸಿನಲ್ಲಿ ದೀಪಕ್ಕೆ ಬರಿಯ ಹೆಸರಿಟ್ಟರೆ ಸಾಲದು. ಯಾವ ಸಾಧನದ್ದು, ಯಾವ ಬಣ್ಣ, ಏನು ಕೆಲಸ ಎಂದು ನಡುನಡುವೆ ಎರಡು ಚುಕ್ಕಿ ಇಟ್ಟು ಪ್ರವರ ಹೇಳಬೇಕು, ಗೋತ್ರ, ಸೂತ್ರ, ಶರ್ಮಾ ಎಂಬಂತೆ. ಕೆಲಸ 'ಸ್ಟೇಟಸ್' ಎಂದು ನಾನು, 'ಇಂಡಿಕೇಟರ್' ಅಲ್ಲವೇ ಎಂದು ರಾಯರು. ಹಾಗಾದರೆ ಇಂಡಿಕೇಟರ್ ಎಂದರೆ, ಸ್ಟೇಟಸ್ ಯಾಕಾಗಬಾರದು ಎಂದು ಮತ್ತೆ ರಾಯರೇ. ಬಣ್ಣದ ಪಟ್ಟಿಯಲ್ಲಿ ಹಳದಿಯೂ ಇದೆ, ಆಂಬರೂ ಇದೆ. ನಮ್ಮ ದೀಪ ಯಾವುದೆಂದು ತೀರ್ಮಾನಿಸಲು ಅಕೌಂಟ್ಸಿನ ಮೇಡಂ ಒಬ್ಬರನ್ನು ಕರೆತಂದೆವು. ಅವರು ಒಂದು ಕ್ಷಣ ನೋಡಿ, "ಇದು ಅರಿಶಿನದ ಕೊಂಬು ತೇಯ್ದ ಬಣ್ಣ" ಎಂದು ಹೋದರು. ಅದಕ್ಕೆ ಪಟ್ಟಿಯಲ್ಲಿ ಜಾಗವಿಲ್ಲ.

ಪೂರ್ತಿ ಬೆಳಕು ಎಂದರೆ 255 ಎಂದು ನಾನು ಬಳಸಿದ್ದ ಹಳೆಯ ಹೆಸರು ಈಗ ಬಳಕೆ ಬಿಟ್ಟದ್ದು, ದೀಪದೀಪಕ್ಕೂ ಅದರದೇ ಗರಿಷ್ಠ ಬೆಳಕಿದೆ ಎಂದೊಂದು ಟಿಪ್ಪಣಿ. ಸರಿಯೇ. ಉಳಿದವನ್ನು ಹೇಳಿ ನಿಮ್ಮನ್ನು ಗೋಳುಹೊಯ್ದುಕೊಳ್ಳುವುದಿಲ್ಲ.

ಆದರೆ 31ನೆಯದನ್ನು ಹೇಳಲೇಬೇಕು. 30ನೆಯದು ಒಂದು ಅಲ್ಪವಿರಾಮದ್ದು, 32ನೆಯದು ಸಾಲಿನ ಕೊನೆಯ ಸ್ಪೇಸಿನದು. ನಡುವೆ ಅದೇ ದನಿಯಲ್ಲಿ, "ನಿಟ್: ಇದು ನಿದ್ದೆ ಮಾಡಬಹುದೇ?" ಆಗ ರಾತ್ರಿ ಒಂದು ಗಂಟೆ. ನನ್ನನ್ನೇ ವಿಚಾರಿಸುತ್ತಿದ್ದಾರೆಂದು ಮನಸ್ಸು ಕರಗಿತು. ಆಮೇಲೆ ಸಾಲು ನೋಡಿದೆ.

ಕರ್ನಲ್ಲಿನಲ್ಲಿ ನಿದ್ದೆ ಎಂದರೆ ಕಾಯುವುದು. ಐ2ಸಿ ತಂತಿಯ ಮೇಲೆ ಒಂದು ಬೈಟ್ ಕಳಿಸಲು ಸರದಿ ಕಾಯಬೇಕು, ಕಾಯುವಾಗ ಕೋಡ್ ಮಲಗುತ್ತದೆ. ಆದರೆ ಟೈಮರ್ ಎಬ್ಬಿಸಿ ಓಡಿಸುವ ಕೋಡಿಗೆ ಮಲಗುವ ಹಕ್ಕಿಲ್ಲ. ಅದಕ್ಕೇ ಬೆಳಕು ಬದಲಿಸಲು ಎರಡು ದಾರಿ ಇಟ್ಟಿದ್ದಾರೆ, ಮಲಗದವರಿಗೊಂದು, ಮಲಗುವವರಿಗೊಂದು. ನಾನು ಮಲಗುವ ಕೋಡನ್ನು ಮಲಗದವರ ಸಾಲಿನಲ್ಲಿ ನಿಲ್ಲಿಸಿದ್ದೆ. ನನ್ನ ಮೇಜಿನ ಮೇಲೆ ಕೈಯಾರೆ ಹತ್ತಿಸಿದಾಗಲೆಲ್ಲ ಅದು ಹತ್ತಿತ್ತು, ಯಾಕೆಂದರೆ ಹಾಗೆ ಹತ್ತಿಸುವಾಗ ಯಾರಿಗೂ ಅವಸರವಿಲ್ಲ. ಆ ರಾತ್ರಿಯೇ ದೀಪಕ್ಕೆ 'ಹಾರ್ಟ್‌ಬೀಟ್' ಟ್ರಿಗರ್ ಜೋಡಿಸಿದೆ. ಎದೆಬಡಿತದ ಹಾಗೆ ಲಬ್-ಡಬ್ ಎಂದು ಎರಡು ಸಲ ಮಿಣುಕಿ ಸುಮ್ಮನಾಗುವ ದೀಪ ಅದು. ಯಂತ್ರಕ್ಕೆ ಕೆಲಸವಿಲ್ಲದಾಗ 1260 ಮಿಲಿಸೆಕೆಂಡಿಗೊಮ್ಮೆ, ಹೊರೆ 1 ಆದರೆ 860ಕ್ಕೆ, 5 ಆದರೆ 510ಕ್ಕೆ. ಇದನ್ನು ನಡೆಸುವುದು ಟೈಮರ್. ನನ್ನ ದೀಪ ಮೊದಲ ಬಡಿತಕ್ಕೇ ಬೋರ್ಡನ್ನು ಮಲಗಿಸಿತು. ಪರದೆ ತುಂಬ ಕರ್ನಲ್‌ನ ಗೋಳಾಟ. ನನ್ನ ಎದೆ 510ಕ್ಕಿಂತ ಕೆಳಗಿಳಿದಿತ್ತು.

ರಾಯರು ಆ ಬೋರ್ಡನ್ನು ಕಣ್ಣಿಂದ ನೋಡಿಯೇ ಇರಲಿಲ್ಲ. ಮರುದಿನ ಕಾಫಿ ಯಂತ್ರದ ಹತ್ತಿರ ಹಿಡಿದುಕೊಂಡು, "ಸಾರ್, ಅಷ್ಟು ದೊಡ್ಡ ತಪ್ಪನ್ನ ಸ್ಪೇಸಿನ ಪಕ್ಕದಲ್ಲಿ ಇಟ್ಟಿದ್ದೀರಲ್ಲ, ನಾನು ದಾಟಿ ಹೋಗ್ಬಿಟ್ಟಿದ್ರೆ?" ಎಂದೆ.

"ಸ್ಪೇಸ್ ತೆಗೆದ್ರಾ?" ಎಂದರು.

ಅವರಿಗೆ ದೊಡ್ಡದು ಚಿಕ್ಕದು ಎಂಬ ಭೇದವೇ ಇಲ್ಲ. ಸೀರಣಿಗೆ ಹೇನನ್ನೂ ಸೀರನ್ನೂ ಒಂದೇ ಎಳೆತಕ್ಕೆ ಬಟ್ಟೆಯ ಮೇಲೆ ಕೆಡವುತ್ತದೆ, ಯಾವುದು ಓಡಾಡುತ್ತದೆ ಎಂದು ನೋಡಿಕೊಳ್ಳುವುದು ತಲೆಯವನ ಕೆಲಸ.

ಏಳನೆಯ ಆವೃತ್ತಿಗೆ ಅವರು 'ರಿವ್ಯೂಡ್-ಬೈ' ಎಂದು ತಮ್ಮ ಹೆಸರು ಹಾಕಿದರು. ಶಾಸನ ಕೆತ್ತಿಸಿದಷ್ಟು ಖುಷಿಯಾಯಿತು. ಅದೇ ವಾರ ಮನೆಯಲ್ಲಿ ಸತ್ಯನಾರಾಯಣ ಪೂಜೆ, ಬನ್ನಿ ಎಂದು ಕರೆದರು. ಹೋದೆ. ಪುರೋಹಿತರು ನಾಲ್ಕನೆಯ ಅಧ್ಯಾಯವನ್ನು ತುಸು ಬೇಗ ಮುಗಿಸಿದ್ದನ್ನು ರಾಯರು ಗಮನಿಸಿದರು. ಅವರು ಗಮನಿಸಿದ್ದನ್ನು ನಾನು ಗಮನಿಸಿದೆ.

ಸಪಾದಭಕ್ಷ್ಯ ತಿನ್ನುತ್ತ ಕೂತಾಗ ಟಿವಿಯ ಪಕ್ಕದ ವೈ-ಫೈ ಡಬ್ಬಿ ಕಣ್ಣಿಗೆ ಬಿತ್ತು. ಅದರ ಮೈಮೇಲೆ ಸಾಲಾಗಿ ಐದು ಕೆಂಪು ಚುಕ್ಕಿ. ಹತ್ತಿರ ಹೋಗಿ ನೋಡಿದರೆ ಹಣೆಗಿಡುವ ಸ್ಟಿಕ್ಕರುಗಳು, ಒಂದೊಂದು ಎಲ್‌ಇಡಿಯ ಮೇಲೆ ಒಂದೊಂದು. ಟಿವಿಯ ಮೂಲೆಯ ದೀಪಕ್ಕೆ ಒಂದು, ಯುಪಿಎಸ್‌ಗೆ ಎರಡು.

"ಇದೇನಮ್ಮಾ, ಇವಕ್ಕೂ ಕುಂಕುಮ?" ಎಂದು ರಾಯರ ಹೆಂಡತಿಯನ್ನು ಕೇಳಿದೆ.

"ಅಯ್ಯೋ, ಅದು ರಾತ್ರಿಯೆಲ್ಲ ಮಿಣಮಿಣ ಅಂತಿದ್ರೆ ಇವ್ರಿಗೆ ನಿದ್ದೇನೇ ಬರಲ್ಲ ಕಣಪ್ಪ. ನನ್ನ ಸ್ಟಿಕ್ಕರ್ ಪ್ಯಾಕೆಟ್ಟೇ ಖಾಲಿ ಮಾಡಿದಾರೆ."

ರಾಯರು ತಟ್ಟೆ ಹಿಡಿದುಕೊಂಡೇ ಎದ್ದು ಬಂದರು. ಏನಾದರೂ ಸಮಜಾಯಿಷಿ ಕೊಡುತ್ತಾರೆಂದು ಕಾದೆ. ಡಬ್ಬಿಯ ಮೇಲೆ ಬಗ್ಗಿ, ಕನ್ನಡಕ ಮೇಲೇರಿಸಿ, ನಾಲ್ಕನೆಯ ಸ್ಟಿಕ್ಕರನ್ನು ಉಗುರಿನಿಂದ ಮೆಲ್ಲಗೆ ಎಬ್ಬಿಸಿ, ಕೂದಲೆಳೆಯಷ್ಟು ಎಡಕ್ಕೆ ಸರಿಸಿ, ಮತ್ತೆ ಒತ್ತಿದರು.