ಪಿಪೀಲಿಕಾಪುರುಷ ಮೀಮಾಂಸೆ

ಡೊಳ್ಳುಹೊಟ್ಟೆಯ ಗಣಪನನ್ನು ಇಲಿ ಹೊತ್ತಿತೆಂದರೆ ನಮ್ಮ ಹಿರಿಯರು ತಕ್ಕಡಿ ತರಲಿಲ್ಲ. ಸವಾರನ ತೂಕಕ್ಕೂ ವಾಹನದ ಬೆನ್ನಿಗೂ ತಾಳೆಯಾಗಲೇಬೇಕೆಂದು ಹಟ ಹಿಡಿಯಲೂ ಇಲ್ಲ. ಆ ಉದಾರ ಪರಂಪರೆಗೂ ಅದರ ಅಧಿದೇವತೆಗೂ ಕೈಮುಗಿದು, 2015ರ ಜುಲೈನಲ್ಲಿ ತೆರೆಕಂಡ ‘ಆ್ಯಂಟ್-ಮ್ಯಾನ್’ ಚಿತ್ರದ ಭಾರವಿಚಾರಕ್ಕೆ ತೊಡಗುತ್ತೇವೆ.

ಮೊದಲು ನಾಯಕನ ಗೋತ್ರಪ್ರವರ. ಮೂಲಪುರುಷ ಹ್ಯಾಂಕ್ ಪಿಮ್ ಎಂಬ ವಿಜ್ಞಾನಿ. 1962ರ ಜನವರಿಯ ‘ಟೇಲ್ಸ್ ಟು ಆಸ್ಟಾನಿಷ್’ ಕಾಮಿಕ್ಸ್ ಪತ್ರಿಕೆಯ 27ನೇ ಸಂಚಿಕೆಯಲ್ಲಿ ಕುಗ್ಗಿ, ಇರುವೆ ಗೂಡಿಗೆ ಸಿಕ್ಕು, ಬದುಕಿದೆಯಾ ಬಡಜೀವವೇ ಎಂದು ಈಚೆ ಬಂದವನು. ಅದೇ ವರ್ಷ 35ನೇ ಸಂಚಿಕೆಯಲ್ಲಿ ಶಿರಸ್ತ್ರಾಣ ಧರಿಸಿ ವೀರನಾದ. 1963ರಲ್ಲಿ ‘ಅವೆಂಜರ್ಸ್’ ತಂಡ ಕಟ್ಟಿದ ಐವರಲ್ಲಿ ಇವನೂ ಒಬ್ಬ; 2012ರಲ್ಲಿ ಆ ತಂಡ ಬೆಳ್ಳಿತೆರೆಗೆ ಬಂದಾಗ ಮಾತ್ರ ಇವನನ್ನು ಕರೆಯಲಿಲ್ಲ. ಎಲೆ ಹಾಸುವಾಗ ಇದ್ದವನು ಪಂಕ್ತಿಗೆ ಇಲ್ಲ! ಆ್ಯಂಟ್-ಮ್ಯಾನ್ ಪಟ್ಟಕ್ಕೆ ಎರಡನೆಯವನಾಗಿ 1979ರಲ್ಲಿ ಬಂದ ಸ್ಕಾಟ್ ಲ್ಯಾಂಗ್ ವೃತ್ತಿಯಿಂದ ಕಳ್ಳ. ಚಿತ್ರದ ನಾಯಕನೂ ಅವನೇ. ಜೈಲಿನಿಂದ ಬಿಡುಗಡೆಯಾಗಿ ಐಸ್‌ಕ್ರೀಮ್ ಅಂಗಡಿಗೆ ಸೇರಿ, ಹಳೆಯ ಕಳ್ಳತನ ಬಯಲಾಗಿ ಅಲ್ಲಿಂದಲೂ ಹೊರಬಿದ್ದವನು. ದೇವಲೋಕದಿಂದ ಇಳಿದ ಥಾರ್‌ಗೆ ಇಂಥ ಅನುಭವವಿಲ್ಲವೆಂಬುದನ್ನು ವಿದ್ವಾಂಸರು ಗಮನಿಸಬೇಕು.

ಕರ್ತೃತ್ವದ ಪ್ರಶ್ನೆಯೂ ಜಟಿಲ. ವರ್ಷಗಟ್ಟಲೆ ಈ ಕಥೆಯನ್ನು ಬೆಳೆಸಿದವರು ಎಡ್ಗರ್ ರೈಟ್. 2014ರ ಮೇ ತಿಂಗಳಲ್ಲಿ ಅವರು ಚಿತ್ರ ಬಿಟ್ಟು ಹೊರನಡೆದರು. ಪೇಟನ್ ರೀಡ್ ಬಂದು ನಿರ್ದೇಶಿಸಿದರು. ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಬಂದಂತೆ ಎಂದು ಬರೆಯಲು ಕೈ ತುರಿಸುತ್ತದೆ. ಆದರೆ ಗೆದ್ದಲು ಇರುವೆಯಲ್ಲ, ಜಿರಳೆಯ ದಾಯಾದಿ. ಇರುವೆಯ ಪ್ರಬಂಧದಲ್ಲಿ ಅದರ ಗಾದೆಗೆ ಪ್ರವೇಶ ಕೊಡಲಾಗದು.

ಇನ್ನು ಪೂರ್ವಪಕ್ಷ. ಚಿತ್ರದ ಶಾಸ್ತ್ರ ಹೇಳುವುದಿಷ್ಟು: ಪಿಮ್ ಕಣಗಳು ಪರಮಾಣುಗಳ ನಡುವಿನ ಅಂತರವನ್ನು ತಗ್ಗಿಸುತ್ತವೆ, ಆಕಾರ ಕುಗ್ಗುತ್ತದೆ, ಬಲ ಕುಗ್ಗುವುದಿಲ್ಲ. ಆದ್ದರಿಂದಲೇ ಅರ್ಧ ಇಂಚಿನ ಸ್ಕಾಟ್ ಗುದ್ದಿದರೆ ಆಳೆತ್ತರದ ಧಾಂಡಿಗ ಮಾರುದೂರ ಹಾರಿ ಬೀಳುತ್ತಾನೆ. ಅಷ್ಟಸಿದ್ಧಿಗಳ ಭಾಷೆಯಲ್ಲಿ ಹೇಳುವುದಾದರೆ ಇವನಿಗೆ ಕಿರಿದಾಗುವ ಅಣಿಮಾ ಉಂಟು, ಹಗುರಾಗುವ ಲಘಿಮಾ ಇಲ್ಲ. ಸುರಸೆಯ ಬಾಯಿಯನ್ನು ಹೆಬ್ಬೆರಳಷ್ಟಾಗಿ ಹೊಕ್ಕು ಬಂದ ಹನುಮಂತನಿಗೆ ಎಂಟೂ ಕರಗತವಾಗಿದ್ದವು, ಅದೂ ಸ್ಕಾಟ್ ತೊಡುವ ಕುಗ್ಗಿಸುವ ದಿರಿಸಿನ ಹಂಗಿಲ್ಲದೆ.

ಲೆಕ್ಕ ಹಾಕೋಣ. ಆರಡಿಯ ಆಳು ಅರ್ಧ ಇಂಚಾದರೆ ಎತ್ತರ 144ರಲ್ಲಿ ಒಂದು ಪಾಲು; ಅಂಗಾಲಿನ ವಿಸ್ತಾರ ಸುಮಾರು 20,000ದಲ್ಲಿ ಒಂದು ಪಾಲು. ಎರಡೂ ಪಾದ ಸೇರಿ ಹೆಚ್ಚೆಂದರೆ 2 ಚದರ ಮಿಲಿಮೀಟರು. ಅದರ ಮೇಲೆ 70 ಕಿಲೋ ನಿಂತರೆ ನೆಲದ ಹಲಗೆಗೆ ಮೊಳೆ ಹೊಡೆದ ಹಾಗೆಯೇ. ಆದರೆ ಈ ಮಹಾನುಭಾವ ಸ್ನಾನದ ತೊಟ್ಟಿಯಲ್ಲಿ ಮೊದಲ ಬಾರಿ ಕುಗ್ಗಿ, ಕೆಳಮನೆಯ ಪಾರ್ಟಿಯಲ್ಲಿ ತಿರುಗುತ್ತಿದ್ದ ಗ್ರಾಮಫೋನ್ ತಟ್ಟೆಯ ಮೇಲೆ ಓಡುತ್ತಾನೆ, ತಟ್ಟೆ ಒಡೆಯುವುದಿಲ್ಲ. ಮುಂದೆ ವ್ಯಾಕ್ಯೂಮ್ ಕ್ಲೀನರ್ ಅವನನ್ನು ಕಸದ ಜತೆ ಒಳಗೆಳೆದುಕೊಳ್ಳುತ್ತದೆ. 70 ಕಿಲೋ ಎಳೆಯುವ ವ್ಯಾಕ್ಯೂಮ್ ಕ್ಲೀನರ್ ಮನೆಯಲ್ಲಿದ್ದರೆ ಸೋಫಾ ಉಳಿದೀತೆ? ಇನ್ನು ಪಿಮ್ ಮಹಾಶಯರ ಬೀಗದ ಕೈ ಗೊಂಚಲು. ಅದರಲ್ಲಿ ತೂಗಾಡುವುದು ಕುಗ್ಗಿಸಿದ ಅಸಲಿ ಯುದ್ಧಟ್ಯಾಂಕು. ಟನ್ನುಗಟ್ಟಲೆ ಉಕ್ಕನ್ನು ಒಯ್ಯುತ್ತಿರುವ ವೃದ್ಧರ ಪ್ಯಾಂಟು ಜಾರಲಿಲ್ಲವೇಕೆ ಎಂಬುದಕ್ಕೆ ಚಿತ್ರದಲ್ಲಿ ಉತ್ತರವಿಲ್ಲ.

ಇದು ದೋಷವೆಂದು ಹಲವರು ಗೊಣಗಿದ್ದಾರೆ. ನಮ್ಮ ಸಿದ್ಧಾಂತ ಬೇರೆ. ಅದಕ್ಕೆ ‘ಪ್ರಸಂಗಭಾರ ನ್ಯಾಯ’ವೆಂದು ಹೆಸರಿಟ್ಟಿದ್ದೇವೆ: ಚಿಕ್ಕ ನಾಯಕನ ತೂಕ ಆಯಾ ನಗೆಗೆ ಎಷ್ಟು ಬೇಕೋ ಅಷ್ಟೇ, ಅದಕ್ಕಿಂತ ಗುಲಗಂಜಿ ಹೆಚ್ಚಿಲ್ಲ. ಗುದ್ದುವಾಗ ಗರಿಮಾ, ಸವಾರಿಯಲ್ಲಿ ಲಘಿಮಾ. ದೊಡ್ಡ ವೀರರಿಗೆ ಈ ಸೌಲಭ್ಯವಿಲ್ಲ. ಅವರ ಒಂದೊಂದು ಕೂದಲಿಗೂ ಭಕ್ತಮಂಡಳಿಯ ಕಾವಲಿದೆ. ಊರವರಿಗೆ ಪರಿಚಯವೇ ಇಲ್ಲದವನು ತೂಕ ತಪ್ಪಿದರೆ ದೂರು ಕೊಡುವವರಾರು?

ವಾಹನಪ್ರಕರಣ ಇನ್ನೂ ಸೂಕ್ಷ್ಮ. ಸ್ಕಾಟ್ ಏರುವ ರೆಕ್ಕೆಯಿರುವೆಗೆ ಪಿಮ್ ಕೊಟ್ಟದ್ದು 247 ಎಂಬ ಸಂಖ್ಯೆ. ಸ್ಕಾಟ್ ಅದಕ್ಕೆ ‘ಆಂಟನಿ’ ಎಂದು ಗಂಡು ಹೆಸರಿಡುತ್ತಾನೆ. ದುಡಿಯುವ ಇರುವೆಗಳೆಲ್ಲ ಹೆಣ್ಣು, ಅವಕ್ಕೆ ರೆಕ್ಕೆಯಿಲ್ಲ. ರೆಕ್ಕೆಯಿರುವುದು ರಾಣಿಯಾಗಲಿರುವವಳಿಗೆ, ಇಲ್ಲವೇ ಗಂಡಿಗೆ. ಹೆಸರನ್ನು ನಂಬಿ ಗಂಡೆಂದೇ ಒಪ್ಪಿದೆವೆನ್ನಿ. ಗಂಡಿರುವೆ ಹುಟ್ಟುವುದು ಫಲಿತವಾಗದ ಮೊಟ್ಟೆಯಿಂದ. ಅದಕ್ಕೆ ಅಪ್ಪನಿಲ್ಲ, ಆದರೆ ತಾಯಿಯ ಕಡೆಯಿಂದ ತಾತನಿದ್ದಾನೆ! ಮಗಳು ಕ್ಯಾಸಿಗಾಗಿ ಕದಿಯುವ ಅಪ್ಪ ಸ್ಕಾಟ್, ತನ್ನ ಮಗಳನ್ನು ಕಳಿಸಲು ಹೆದರುವ ಅಪ್ಪ ಪಿಮ್, ಕ್ಯಾಸಿಯ ಮನೆಯಲ್ಲಿ ಠಾಣೆ ಹೂಡಿದ ಮಲತಂದೆ: ಹೀಗೆ ಅಪ್ಪಂದಿರೇ ತುಂಬಿದ ಕಥೆಯಲ್ಲಿ ಅಪ್ಪನಿಲ್ಲದವನು ಆಂಟನಿ ಒಬ್ಬನೇ. ಖಳನ ಗುಂಡಿಗೆ ಬಲಿಯಾಗುವವನೂ ಅವನೇ. ನಮ್ಮ ಪಾಲಿಗೆ ದುರಂತನಾಯಕನೂ ಅವನೇ, ಸ್ಕಾಟ್ ನಿಮಿತ್ತಮಾತ್ರ.

ಅಂತಿಮ ಯುದ್ಧದ ರಂಗಭೂಮಿ ಪುಟ್ಟ ಕ್ಯಾಸಿಯ ಕೋಣೆ, ಅದರಲ್ಲೂ ಆಟಿಕೆ ರೈಲಿನ ಹಳಿ. ಥಾಮಸ್ ಎಂಬ ನೀಲಿ ಮೊಗದ ಎಂಜಿನ್ನು ಹೂಂಕರಿಸುತ್ತ ನುಗ್ಗುತ್ತದೆ, ಕ್ಯಾಮೆರಾ ಹಳಿಯ ಪಕ್ಕದಲ್ಲಿ ಮಲಗಿದೆ, ವಾದ್ಯಗಳು ಮೊಳಗುತ್ತಿವೆ, ಜಗತ್ತು ಮುಗಿಯಿತೆಂದುಕೊಳ್ಳುವಷ್ಟರಲ್ಲಿ ಕ್ಯಾಮೆರಾ ಹಿಂದೆ ಸರಿಯುತ್ತದೆ. ಗೇಣುದ್ದದ ಆಟಿಕೆಯೊಂದು ಹಳಿ ತಪ್ಪಿ ಟಕ್ ಎಂದು ಮಗುಚಿಕೊಂಡಿದೆ, ಅಷ್ಟೇ. ಸೂಪರ್‌ಹೀರೋ ಚಿತ್ರಗಳ ಕುರಿತು ಇಷ್ಟು ಚೊಕ್ಕ ವಿಮರ್ಶೆಯನ್ನು ಯಾವ ಪ್ರಾಧ್ಯಾಪಕರೂ ಬರೆದಿಲ್ಲ. ಆಮೇಲೆ ತಟ್ಟೆಯಂಥ ಆಯುಧ ತಗುಲಿ ಆ ರೈಲೇ ಬೃಹದಾಕಾರ ತಾಳಿ ಮನೆಯ ಗೋಡೆ ಒಡೆದು ಹೊರಗುರುಳುತ್ತದೆ. ಅದೇ ಗಡಿಬಿಡಿಯಲ್ಲಿ ಇರುವೆಯೊಂದು ನಾಯಿಯ ಗಾತ್ರಕ್ಕೆ ಬೆಳೆಯುತ್ತದೆ.

ಇಲ್ಲಿ ಗೆಲಿಲಿಯೊ ಆಕ್ಷೇಪಿಸುತ್ತಾನೆ. ಉದ್ದ ನೂರು ಪಟ್ಟಾದರೆ ಕಾಲಿನ ಅಡ್ಡಕೊಯ್ತದ ವಿಸ್ತಾರ 10,000 ಪಟ್ಟು, ಮೈಯ ಭಾರ 10 ಲಕ್ಷ ಪಟ್ಟು. ಕಾಲು ತಡೆಯದು ಎಂಬ ತತ್ತ್ವವನ್ನು ಅವನು 1638ರಲ್ಲೇ ಮುದ್ರಿಸಿದ್ದಾನೆ. ಆದರೆ ಅವನಿಗೆ ಪಿಮ್ ಶಾಸ್ತ್ರ ತಿಳಿಯದು. ಕುಗ್ಗಿದಾಗ ತೂಕ ಉಳಿಯುವುದಾದರೆ ಹಿಗ್ಗಿದಾಗಲೂ ಉಳಿಯಬೇಕಷ್ಟೆ. ಆಗ ಈ ಇರುವೆಯ ತೂಕ ಕೆಲವೇ ಮಿಲಿಗ್ರಾಂ. ಅದು ಪಕ್ಕಕ್ಕೆ ಸರಿಸುವ ಗಾಳಿಯ ತೂಕವೇ ಅದಕ್ಕಿಂತ ಎಷ್ಟೋ ಹೆಚ್ಚು. ಶಾಸ್ತ್ರಪ್ರಕಾರ ಅದು ತೇಲಿಹೋಗಿ ಸೂರಿಗೆ ಅಂಟಿಕೊಳ್ಳಬೇಕು. ಊಟ ಹಾಕಲು ಕ್ಯಾಸಿ ಏಣಿ ಹತ್ತಬೇಕು. ಚಿತ್ರದಲ್ಲಿ ಅದು ಊಟದ ಮೇಜಿನ ಕೆಳಗೆ ಆರಾಮಾಗಿ ಕೂತು, ಹುಡುಗಿ ಕದ್ದು ಕೊಟ್ಟ ತುತ್ತು ತಿನ್ನುತ್ತದೆ. ಅದೇ ಮೇಜಿಗೆ ಕೂತ ಮಲತಂದೆ ಪೊಲೀಸ್ ಅಧಿಕಾರಿ; ಅದಕ್ಕೆ ಪರವಾನಗಿ ಇದೆಯೇ ಎಂದು ಅವನೂ ಕೇಳುವುದಿಲ್ಲ.